ಹಿಗ್ಗಿಸಿದ ಚರ್ಮದಡಿ ಕಸಿ ಮಾಡಿದ ಮೃದ್ವಸ್ಥಿ ಬೆಳೆಯುತ್ತದೆಯೇ?

ಪ್ರಶ್ನೆ: ನನ್ನ ಮಗನಿಗೆ ನಾಲ್ಕೂವರೆ ವರ್ಷ. ಹುಟ್ಟಿನಿಂದಲೇ ಅವನ ಬಲಗಿವಿ ರೂಪುಗೊಂಡಿಲ್ಲ, ಒಂದು ಸಣ್ಣ ಮಡಿಕೆಯಷ್ಟೇ ಇದೆ. ಎಡಗಿವಿ ಸರಿಯಾಗಿದೆ, ಚೆನ್ನಾಗಿ ಕೇಳಿಸುತ್ತದೆ. ವೈದ್ಯರು ಇದಕ್ಕೆ ಮೈಕ್ರೋಷಿಯಾ ಎನ್ನುತ್ತಾರೆ, ದೊಡ್ಡವನಾದ ಮೇಲೆ ಪಕ್ಕೆಲುಬಿನ ಮೃದ್ವಸ್ಥಿ ತೆಗೆದು ಕಿವಿ ಕಟ್ಟೋಣ, ಈಗ ಕಾಯಿರಿ ಎಂದಿದ್ದಾರೆ. ಚರ್ಮದಡಿ ಬಲೂನಿನಂಥದ್ದನ್ನು ಇಟ್ಟು ಹಿಗ್ಗಿಸಿ, ಅಲ್ಲಿ ಮೃದ್ವಸ್ಥಿ ಕಸಿ ಮಾಡಿದಾಗ ಪ್ರಾಣಿಗಳಲ್ಲಿ ಆ ಕಸಿ ಬೆಳೆಯಿತು ಎಂದು ಓದಿದೆ. ಹಾಗಿದ್ದರೆ ಈಗಲೇ ಚಿಕ್ಕ ಕಿವಿ ಕಟ್ಟಿ, ಮಗನ ಜೊತೆ ಅದೂ ಬೆಳೆಯಲಿ ಎಂದು ಬಿಡಬಾರದೇಕೆ?

ಉತ್ತರ: ನಿಮ್ಮ ವೈದ್ಯರು ಕಾಯಿರಿ ಎಂದಿರುವುದು ಸರಿಯಾಗಿದೆ. ಹಾಗೆಂದು ನಿಮ್ಮ ಪ್ರಶ್ನೆಯನ್ನು ಒಂದೇ ಮಾತಿನಲ್ಲಿ ಮುಗಿಸಲು ನನಗೆ ಮನಸ್ಸಿಲ್ಲ. ಮಗು ಶಾಲೆಗೆ ಸೇರುವ ಮೊದಲೇ ಕಿವಿ ಕಟ್ಟುವಂತಾಗಬೇಕು, ಅದು ಮಗುವಿನ ಜೊತೆಗೇ ಬೆಳೆಯಬೇಕು ಎಂಬ ಆಸೆಯಿಂದಲೇ ನಾನೂ ಕೆಲವು ವರ್ಷ ಪ್ರಯೋಗಾಲಯದಲ್ಲಿ ಮೊಲಗಳ ಜೊತೆ ಕಳೆದಿದ್ದೇನೆ. ಅಲ್ಲಿ ನಾನು ಕಲಿತದ್ದು ಇಷ್ಟು: ಹಿಗ್ಗಿಸಿದ ಚರ್ಮ ಮೃದ್ವಸ್ಥಿಗೆ ಜಾಗ ಕೊಡುತ್ತದೆ, ರಕ್ತನಾಳಗಳ ಸಾಮೀಪ್ಯ ಕೊಡುತ್ತದೆ, ಆದರೆ ಬೆಳೆಯುವ ಶಕ್ತಿ ಕೊಡುವುದಿಲ್ಲ. ಆ ಶಕ್ತಿ ಕಸಿಯೊಳಗೇ ಇರಬೇಕು. ಇದ್ದರೂ ಅದು ಉಳಿಯುವುದು ಕೆಲವು ಷರತ್ತುಗಳ ಮೇಲೆ.

ಮೊದಲು ಚರ್ಮದ ವಿಷಯ. ಸಿಲಿಕೋನಿನ ಖಾಲಿ ಚೀಲವೊಂದನ್ನು ಚರ್ಮದಡಿ ಇಟ್ಟು, ಅದಕ್ಕೆ ಸೇರಿದ ಕವಾಟದೊಳಗೆ ಸೂಜಿ ಚುಚ್ಚಿ, ವಾರಕ್ಕೆ ಒಂದೆರಡು ಸಲ ಸ್ವಲ್ಪಸ್ವಲ್ಪವೇ ಸಲೈನ್ ತುಂಬುತ್ತಾರೆ. ಇದಕ್ಕೆ ಟಿಶ್ಯೂ ಎಕ್ಸ್‌ಪ್ಯಾಂಡರ್ ಎಂದು ಹೆಸರು. ಈ ಉಪಾಯ ಮೊದಲು ಪ್ರಕಟವಾದದ್ದೇ ಕಿವಿಯ ನಿಮಿತ್ತ. 1957ರಲ್ಲಿ ನ್ಯೂಮನ್ ಎಂಬ ಅಮೆರಿಕದ ಶಸ್ತ್ರವೈದ್ಯರು ಕಿವಿ ಕಳೆದುಕೊಂಡಿದ್ದ ರೋಗಿಗೆ ರಬ್ಬರ್ ಬಲೂನ್ ಇಟ್ಟು ಚರ್ಮ ಹಿಗ್ಗಿಸಿದ್ದನ್ನು ಬರೆದರು. ಆಗ ಯಾರೂ ಅಷ್ಟಾಗಿ ಗಮನ ಕೊಡಲಿಲ್ಲ. 1970ರ ದಶಕದಲ್ಲಿ ರಾಡೋವನ್ ಎಂಬ ಇನ್ನೊಬ್ಬ ಶಸ್ತ್ರವೈದ್ಯರು ಸಿಲಿಕೋನ್ ಚೀಲ ತಂದ ಮೇಲೆಯೇ ಅದು ಬಳಕೆಗೆ ಬಂತು.

ಚರ್ಮ ಹಿಗ್ಗುವುದರಲ್ಲಿ ಎರಡು ಭಾಗ ಉಂಟು. ತುಂಬಿದ ಕೆಲವೇ ಗಂಟೆಗಳಲ್ಲಿ ಆಗುವುದು ಬರಿಯ ಎಳೆತ: ಚರ್ಮಕ್ಕೆ ಬಲ ಕೊಡುವ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳು ಒತ್ತಡದ ದಿಕ್ಕಿಗೆ ಸಾಲಾಗಿ ನಿಲ್ಲುತ್ತವೆ, ನಡುವಿನ ನೀರು ಸರಿಯುತ್ತದೆ. ವಾರಗಟ್ಟಲೆ ಒತ್ತಡ ಮುಂದುವರಿದರೆ ಮಾತ್ರ ಹೊಸ ಜೀವಕೋಶಗಳು ಹುಟ್ಟಿ ನಿಜವಾದ ಚರ್ಮ ಸೇರುತ್ತದೆ. ಪ್ರಾಣಿಗಳಲ್ಲೂ ಮನುಷ್ಯರಲ್ಲೂ ಮತ್ತೆಮತ್ತೆ ಕಂಡದ್ದು ಒಂದೇ ಚಿತ್ರ: ಹೊರಪದರ ದಪ್ಪವಾಗುತ್ತದೆ, ಒಳಚರ್ಮ ತೆಳುವಾಗುತ್ತದೆ, ಅದರಡಿಯ ಕೊಬ್ಬು ಇನ್ನೂ ತೆಳುವಾಗುತ್ತದೆ, ರಕ್ತನಾಳಗಳು ಹೆಚ್ಚುತ್ತವೆ. 1983ರಲ್ಲಿ ಪ್ರಕಟವಾದ ಹಂದಿಗಳ ಪ್ರಯೋಗವೊಂದರಲ್ಲಿ, ಹಿಗ್ಗಿಸಿದ ಚರ್ಮದಿಂದ, ಒಂದು ತುದಿ ಮಾತ್ರ ದೇಹಕ್ಕೆ ಅಂಟಿರುವಂತೆ ಎತ್ತಿದ ಪಟ್ಟಿ ಸಾಮಾನ್ಯ ಚರ್ಮದ ಪಟ್ಟಿಗಿಂತ ಬಹಳ ಉದ್ದದವರೆಗೆ ಬದುಕಿ ಉಳಿಯಿತು. ಎಕ್ಸ್‌ಪ್ಯಾಂಡರ್ ಬಗ್ಗೆ ಶಸ್ತ್ರವೈದ್ಯರಿಗೆ ಭರವಸೆ ಬಂದದ್ದು ಇಂಥ ಫಲಿತಾಂಶಗಳಿಂದ.

ಆರು ವಾರ ತುಂಬಿದ ಎಕ್ಸ್‌ಪ್ಯಾಂಡರನ್ನು ಮೊಲದ ಬೆನ್ನಿನಿಂದ ಹೊರತೆಗೆದಾಗ ಕಾಣುವುದನ್ನು ನಿಮಗೆ ಹೇಳಬೇಕು. ಚೀಲ ಜಾರಿ ಹೊರಬರುತ್ತದೆ, ಎಲ್ಲಿಯೂ ಅಂಟಿರುವುದಿಲ್ಲ. ಅದಿದ್ದ ಜಾಗದ ಸುತ್ತ ದೇಹ ತಾನೇ ನೇಯ್ದ ಒಂದು ಪೊರೆ ಇರುತ್ತದೆ, ಒಳಮೈ ನುಣುಪಾಗಿ ಹೊಳೆಯುತ್ತಿರುತ್ತದೆ. ಚರ್ಮವನ್ನು ಎತ್ತಿ ಹಿಂದಿನಿಂದ ದೀಪ ಹಿಡಿದರೆ ರಕ್ತನಾಳಗಳು ಮರದ ರೆಂಬೆಗಳಂತೆ ಕವಲೊಡೆದು ಹರಡಿರುವುದು ಬರಿಗಣ್ಣಿಗೇ ಕಾಣುತ್ತದೆ. ಮೊದಲ ಸಲ ನೋಡಿದಾಗ, ಇಂಥ ಸಮೃದ್ಧ ನೆಲದಲ್ಲಿ ಏನು ನೆಟ್ಟರೂ ಬೆಳೆದೀತು ಎಂದೇ ನನಗನಿಸಿತ್ತು.

ಸೂಕ್ಷ್ಮದರ್ಶಕದಡಿ ಅದೇ ಪೊರೆ ಬೇರೆ ಕಥೆ ಹೇಳುತ್ತದೆ. ಅದು ನಾಲ್ಕು ಪದರಗಳ ಗೋಡೆ. ಚೀಲಕ್ಕೆ ತಾಗಿದ ಒಳಪದರದಲ್ಲಿ ಪರಕೀಯ ವಸ್ತುಗಳನ್ನು ನುಂಗುವ ಮ್ಯಾಕ್ರೋಫೇಜ್ ಮತ್ತು ನಾರು ನೇಯುವ ಫೈಬ್ರೋಬ್ಲಾಸ್ಟ್ ಕೋಶಗಳು. ಅದರಾಚೆ ಉದ್ದುದ್ದ ಫೈಬ್ರೋಬ್ಲಾಸ್ಟ್‌ಗಳು, ಜೊತೆಗೆ ಸ್ನಾಯುವಿನಂತೆ ಕುಗ್ಗಬಲ್ಲ ಮಯೋಫೈಬ್ರೋಬ್ಲಾಸ್ಟ್‌ಗಳು. ಆಮೇಲೆ ಸಡಿಲವಾದ ಕೊಲಾಜನ್ ಕಟ್ಟುಗಳು. ದೀಪದ ಬೆಳಕಿನಲ್ಲಿ ಅಷ್ಟು ಚಂದ ಕಂಡ ದೊಡ್ಡ ರಕ್ತನಾಳಗಳಿರುವುದು ಎಲ್ಲಕ್ಕಿಂತ ಹೊರಗಿನ ಪದರದಲ್ಲಿ. ಕಸಿಯನ್ನು ಆ ಗೂಡಿನೊಳಗೆ ಹಾಗೆಯೇ ಇಟ್ಟರೆ ಅದಕ್ಕೆ ತಾಗುವುದು ರಕ್ತನಾಳಗಳಲ್ಲ, ನುಣುಪಾದ ಒಳಗೋಡೆ. ಆ ನುಣುಪಿನ ಮೇಲೆ ಕಸಿ ಸುಲಭವಾಗಿ ಅಂಟುವುದಿಲ್ಲ, ನಡುವೆ ದ್ರವ ತುಂಬಿಕೊಳ್ಳಲು ಎಡೆ ಸಿಗುತ್ತದೆ. ಪೊರೆಯನ್ನು ಸುಲಿದು ತೆಗೆಯಲು ಹೋದರೆ ಅದರ ಜೊತೆ ರಕ್ತನಾಳಗಳನ್ನೂ ಕಳೆದುಕೊಳ್ಳುವ ಭಯ, ಬಿಟ್ಟರೆ ಕುಗ್ಗುವ ಗೋಡೆಯನ್ನು ಹಾಗೇ ಬಿಟ್ಟಂತೆ. ಎಷ್ಟು ತೆಗೆಯಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಶಸ್ತ್ರವೈದ್ಯರು ಶಸ್ತ್ರಕ್ರಿಯೆಯ ಹೊತ್ತಿನಲ್ಲೇ, ಚರ್ಮದ ಬಣ್ಣ ನೋಡಿಕೊಂಡು ತೀರ್ಮಾನಿಸುತ್ತಾರೆ.

ಇನ್ನು ಮೃದ್ವಸ್ಥಿ. ಇದಕ್ಕೆ ಸ್ವಂತ ರಕ್ತನಾಳಗಳೇ ಇಲ್ಲ. ತೂಕದ ಮುಕ್ಕಾಲು ಪಾಲಿನ ಆಸುಪಾಸು ನೀರು. ಉಳಿದದ್ದು ಕೊಲಾಜನ್ ಬಲೆ, ಅದರೊಳಗೆ ನೀರನ್ನು ಹಿಡಿದಿಟ್ಟುಕೊಳ್ಳುವ ಪ್ರೋಟಿಯೋಗ್ಲೈಕಾನ್‌ಗಳು. ಕಾಂಡ್ರೋಸೈಟ್ ಎಂಬ ಕೋಶಗಳು ಈ ಬಲೆಯೊಳಗಿನ ಪುಟ್ಟ ಪುಟ್ಟ ಗೂಡುಗಳಲ್ಲಿ ಕೂತಿರುತ್ತವೆ, ಸುತ್ತಲಿಂದ ಜಿನುಗಿ ಬರುವ ಪೋಷಣೆಯನ್ನು ನೆಚ್ಚಿಕೊಂಡು ಬದುಕುತ್ತವೆ. ಇಷ್ಟು ಕಡಿಮೆ ಬೇಡುವ ಅಂಗಾಂಶವಾದ್ದರಿಂದಲೇ ಅದನ್ನು ಒಂದು ಜಾಗದಿಂದ ತೆಗೆದು ಇನ್ನೊಂದು ಜಾಗಕ್ಕೆ ಹಾಕಿದರೆ ಬದುಕುತ್ತದೆ. ಆದರೆ ಬದುಕುವುದು ಬೇರೆ, ಬೆಳೆಯುವುದು ಬೇರೆ.

ಈ ಮೃದ್ವಸ್ಥಿ ಸುಮ್ಮನೆ ಬಿದ್ದಿರುವ ವಸ್ತುವಲ್ಲ ಎಂಬುದಕ್ಕೆ ನನಗೆ ಬಹಳ ಇಷ್ಟವಾದ ಒಂದು ಪ್ರಯೋಗ ಇದೆ. 1956ರಲ್ಲಿ ಲೂಯಿಸ್ ಥಾಮಸ್ ಎಂಬ ವೈದ್ಯರು ಮೊಲಗಳ ರಕ್ತಕ್ಕೆ ಪಪೇನ್ ಎಂಬ ಕಿಣ್ವ ಚುಚ್ಚಿದ್ದನ್ನು ವರದಿ ಮಾಡಿದರು. ಕೆಲವೇ ಗಂಟೆಗಳಲ್ಲಿ ನೆಟ್ಟಗಿದ್ದ ಕಿವಿಗಳು ಬಾಡಿದ ಎಲೆಯಂತೆ ಜೋತುಬಿದ್ದವು. ಕೆಲವು ದಿನಗಳಲ್ಲಿ ಮತ್ತೆ ನೆಟ್ಟಗಾದವು. ಕಿಣ್ವ ಕರಗಿಸಿದ್ದು ಕೋಶಗಳನ್ನಲ್ಲ, ಅವುಗಳ ಸುತ್ತಲಿನ ತುಂಬುವಸ್ತುವನ್ನು. ಕೋಶಗಳು ಅದನ್ನು ಮತ್ತೆ ತಯಾರಿಸಿ ತುಂಬಿದವು.

ಮೃದ್ವಸ್ಥಿ ಎರಡು ದಾರಿಯಲ್ಲಿ ಬೆಳೆಯುತ್ತದೆ. ಒಂದು ಒಳಗಿನಿಂದ: ಕಾಂಡ್ರೋಸೈಟ್‌ಗಳು ಒಡೆದು ಎರಡಾಗಿ, ಸುತ್ತ ಹೊಸ ವಸ್ತು ಸ್ರವಿಸುತ್ತವೆ. ಇದು ಎಳೆಯ ಪ್ರಾಯದಲ್ಲಿ ಹೆಚ್ಚು. ಇನ್ನೊಂದು ಹೊರಮೈಯಿಂದ: ಮೃದ್ವಸ್ಥಿಯನ್ನು ಹೊದ್ದಿರುವ ಪೆರಿಕಾಂಡ್ರಿಯಮ್ ಎಂಬ ಪೊರೆಯ ಒಳಪದರ ಹೊಸ ಕೋಶಗಳನ್ನು ಹುಟ್ಟಿಸುತ್ತದೆ. 1972ರಲ್ಲಿ ಸ್ವೀಡನ್ನಿನ ಸ್ಕೂಗ್ ಮತ್ತು ಸಂಗಡಿಗರು ಈ ಪೊರೆಗೆ ಹೊಸ ಮೃದ್ವಸ್ಥಿ ಬೆಳೆಸುವ ಸಾಮರ್ಥ್ಯ ಇದೆ ಎಂದು ತೋರಿಸಿದರು. ಆ ತಂಡದ ಓಲ್ಸೆನ್ ಮುಂದೆ ಮೊಲಗಳಲ್ಲಿ ಬರೀ ಪೊರೆಯನ್ನೇ ಬೇರೆ ಕಡೆ ಕಸಿ ಮಾಡಿ ಮೃದ್ವಸ್ಥಿ ಹುಟ್ಟಿದ್ದನ್ನು ವಿವರವಾಗಿ ದಾಖಲಿಸಿದರು. ಹಾಗಾಗಿ ಯಾವುದೇ ಪ್ರಯೋಗದಲ್ಲಿ ಕಸಿ ಬೆಳೆಯಿತು ಎಂದು ಓದಿದಾಗ ನಾನು ಮೊದಲು ಹುಡುಕುವ ವಿವರ ಚರ್ಮದ್ದಲ್ಲ. ಪೆರಿಕಾಂಡ್ರಿಯಮ್ ಸಮೇತ ಕಸಿ ಮಾಡಿದರೋ, ಸುಲಿದು ಮಾಡಿದರೋ? ಎರಡೂ ಕಡೆಯ ಪೊರೆ ಇತ್ತೋ, ಒಂದೇ ಕಡೆಯದೋ? ಇದನ್ನು ಹೇಳದ ವರದಿಯಿಂದ ನಮ್ಮಂಥವರಿಗೆ ಹೆಚ್ಚು ಪ್ರಯೋಜನವಿಲ್ಲ.

ಎರಡನೆಯದಾಗಿ ನೋಡುವುದು ಪ್ರಾಣಿಯ ವಯಸ್ಸು. ಮೊಲ ಆರು ತಿಂಗಳ ಸುಮಾರಿಗೆ ಬೆಳೆದು ದೊಡ್ಡದಾಗುತ್ತದೆ. ಎಂಟು ವಾರದ ಮರಿಯಲ್ಲಿ ಕಸಿ ಮಾಡಿ ಹನ್ನೆರಡು ವಾರದ ನಂತರ ಅಳೆದರೆ, ಅಷ್ಟರಲ್ಲಿ ಮೊಲವೇ ಬಲಿತಿರುತ್ತದೆ. ಮುಟ್ಟದೆ ಬಿಟ್ಟ ಕಿವಿಯ ಮೃದ್ವಸ್ಥಿಯೂ ಬೆಳೆದಿರುತ್ತದೆ. ಆದ್ದರಿಂದ ಹಿಗ್ಗಿಸಿದ ಚರ್ಮದಡಿಯ ಕಸಿಯನ್ನು ಎರಡರ ಜೊತೆ ಹೋಲಿಸಲೇಬೇಕು: ಅದೇ ಪ್ರಾಣಿಯ ಇನ್ನೊಂದು ಪಕ್ಕದಲ್ಲಿ ಹಿಗ್ಗಿಸದ ಚರ್ಮದಡಿ ಇಟ್ಟ ಕಸಿ, ಮತ್ತು ಇದ್ದ ಜಾಗದಲ್ಲೇ ಇರುವ ಮೃದ್ವಸ್ಥಿ. ಇವೆರಡೂ ಇಲ್ಲದಿದ್ದರೆ ಬೆಳೆದದ್ದು ಚರ್ಮದ ದೆಸೆಯಿಂದಲೋ ಪ್ರಾಯದ ದೆಸೆಯಿಂದಲೋ ಗೊತ್ತಾಗುವುದಿಲ್ಲ.

ಮೂರನೆಯದು ಅಳತೆ. ಇಲ್ಲಿ ನನಗೇ ಆದ ಒಂದು ಅನುಭವ ಹೇಳುತ್ತೇನೆ. ಒಂದು ಮೊಲದ ಎರಡು ಪಕ್ಕಗಳಿಂದ ಹೊರತೆಗೆದ, ಕಸಿ ಮಾಡಿದ್ದ ಮೃದ್ವಸ್ಥಿಯ ಎರಡು ಬಿಲ್ಲೆಗಳನ್ನು ತಟ್ಟೆಯಲ್ಲಿಟ್ಟುಕೊಂಡಿದ್ದೆ. ಹಿಗ್ಗಿಸಿದ ಕಡೆಯದ್ದು ಕೈಗೆ ದಪ್ಪ ಎನಿಸುತ್ತಿತ್ತು, ಕ್ಯಾಲಿಪರ್‌ಗೂ ದಪ್ಪವೇ ಬಂತು. ಅಂದು ಸಂಜೆ ಬಹಳ ಸಂತೋಷದಿಂದ ಮನೆಗೆ ಹೋದೆ. ವಾರದ ನಂತರ ಸ್ಲೈಡುಗಳು ಬಂದವು. ಸಫ್ರಾನಿನ್ ಬಣ್ಣ ಹಾಕಿದರೆ ಮೃದ್ವಸ್ಥಿ ಕೆಂಪಗೆ ಕಾಣಬೇಕು, ಏಕೆಂದರೆ ಆ ಬಣ್ಣ ಪ್ರೋಟಿಯೋಗ್ಲೈಕಾನ್‌ಗಳನ್ನು ಹಿಡಿಯುತ್ತದೆ. ಎರಡೂ ಬಿಲ್ಲೆಗಳಲ್ಲಿ ಕೆಂಪು ಪಟ್ಟಿಯ ಅಗಲ ಒಂದೇ. ದಪ್ಪ ಬಿಲ್ಲೆಯ ಮೇಲೂ ಕೆಳಗೂ ಬಣ್ಣ ಹಿಡಿಯದ ನಾರಿನ ಪದರ ಅಂಟಿಕೊಂಡಿತ್ತು. ನಾನು ಅಳೆದ ಹೆಚ್ಚಿನ ದಪ್ಪ ಎಕ್ಸ್‌ಪ್ಯಾಂಡರಿನ ಪೊರೆಯದು. ಅಂದಿನಿಂದ ಕೇವಲ ತೂಕ ಅಥವಾ ದಪ್ಪ ಕೊಟ್ಟು ಬೆಳವಣಿಗೆ ಎನ್ನುವ ವರದಿಯನ್ನು ನಾನು ನೆಚ್ಚುವುದಿಲ್ಲ. ನೀರು ಹೀರಿ ಉಬ್ಬಿದರೂ ತೂಕ ಹೆಚ್ಚುತ್ತದೆ. ಗೂಡುಗಳೊಳಗೆ ಕೋಶಗಳಿವೆಯೇ ಅಥವಾ ಗೂಡು ಬರಿದಾಗಿದೆಯೇ, ಎರಡು ಮೂರು ಕೋಶಗಳು ಒಂದೇ ಗೂಡಿನಲ್ಲಿ ಗುಂಪಾಗಿ ಇತ್ತೀಚೆಗೆ ಒಡೆದ ಗುರುತು ಇದೆಯೇ, ಕೆಂಪು ಎಲ್ಲಿಯವರೆಗೆ ಹಬ್ಬಿದೆ ಎಂಬುದನ್ನು ತೋರಿಸಿದರೆ ಮಾತ್ರ ಅದು ಬೆಳವಣಿಗೆಯ ಸಾಕ್ಷಿ. ಆಕಾರ ಬದಲಾದದ್ದೂ ಬೆಳವಣಿಗೆಯಲ್ಲ. ಪಕ್ಕೆಲುಬಿನ ಮೃದ್ವಸ್ಥಿಯ ಹೊರಪದರ ಬಿಗಿಯಾಗಿರುತ್ತದೆ, ಒಂದೇ ಕಡೆ ಕೆತ್ತಿದರೆ ಇನ್ನೊಂದು ಕಡೆಯ ಬಿಗಿ ಅದನ್ನು ಬಾಗಿಸುತ್ತದೆ. 1958ರಲ್ಲಿ ಗಿಬ್ಸನ್ ಮತ್ತು ಡೇವಿಸ್ ಇದನ್ನು ವಿವರಿಸಿ, ಎರಡೂ ಕಡೆ ಸಮನಾಗಿ ಕೆತ್ತಬೇಕು ಎಂದರು. ಇವತ್ತಿಗೂ ನಾವು ಪಾಲಿಸುವ ಪಾಠ ಅದು.

ಒತ್ತಡದ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಎಕ್ಸ್‌ಪ್ಯಾಂಡರ್ ತೆಗೆದ ತಕ್ಷಣ ಹಿಗ್ಗಿದ ಚರ್ಮ ಹಿಂದಕ್ಕೆ ಎಳೆದುಕೊಳ್ಳಲು ಶುರುಮಾಡುತ್ತದೆ. ಪೊರೆಯೊಳಗಿನ ಕುಗ್ಗುವ ಕೋಶಗಳೂ ಅದಕ್ಕೆ ಕೈಜೋಡಿಸುತ್ತವೆ. ಅದರಡಿ ಈಗ ಚೀಲದ ಬದಲು ನಿಮ್ಮ ಕಸಿ ಇದೆ, ಬಿಗಿಯೆಲ್ಲ ಅದರ ಮೇಲೆ. ಕಾಂಡ್ರೋಸೈಟ್‌ಗಳಿಗೆ ಒತ್ತಡ ತಿಳಿಯುತ್ತದೆ: ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿದರೆ ಅವು ಹೆಚ್ಚು ಪ್ರೋಟಿಯೋಗ್ಲೈಕಾನ್ ತಯಾರಿಸುತ್ತವೆ, ಒಂದೇ ಸಮನೆ ಅದುಮಿ ಹಿಡಿದರೆ ತಯಾರಿಕೆ ಇಳಿಯುತ್ತದೆ. ಕೀಲಿನ ಮೃದ್ವಸ್ಥಿಯ ತುಣುಕುಗಳಲ್ಲಿ ಇದು ಚೆನ್ನಾಗಿ ಸಾಬೀತಾಗಿದೆ. ಕುಗ್ಗುತ್ತಿರುವ ಚರ್ಮ ಮಾಡುವುದು ಎರಡನೆಯ ಕೆಲಸ. ಎಳೆಯ ಮಗುವಿನ ಮೆತ್ತನೆಯ ಮೃದ್ವಸ್ಥಿಯಲ್ಲಿ ಕೆತ್ತಿದ ಏಣುಗಳು ಇಂಥ ಬಿಗಿಯಡಿ ಸಪಾಟಾಗುವ ಅಪಾಯವೇ ಹೆಚ್ಚು, ಬೆಳೆಯುವ ಸಾಧ್ಯತೆಗಿಂತ.

ಮೊಲದಿಂದ ಮಗುವಿನವರೆಗಿನ ದೂರವನ್ನೂ ಗಮನಿಸಿ. ಮೊಲದ ಚರ್ಮ ಸಡಿಲ, ಅದರಡಿ ಚರ್ಮವನ್ನೇ ಅಲುಗಾಡಿಸುವ ತೆಳು ಸ್ನಾಯುಪದರ ಇದೆ. ನಿಮ್ಮ ಮಗನ ಕಿವಿಯ ಹಿಂದಿನ ಚರ್ಮ ತೆಳು, ಬಿಗಿ, ನೇರವಾಗಿ ಮೂಳೆಯ ಮೇಲಿನ ಪದರಗಳಿಗೆ ಹೊಂದಿಕೊಂಡಿದೆ. ಮೊಲದ ಕಿವಿಯ ಮೃದ್ವಸ್ಥಿ ಒಂದು ಮಿಲಿಮೀಟರಿಗಿಂತ ತೆಳು, ಎರಡೂ ಬದಿಯಿಂದ ಪೋಷಣೆ ಜಿನುಗಿ ನಡುವಿಗೆ ತಲುಪುತ್ತದೆ. ಮನುಷ್ಯರಿಗೆ ಕಟ್ಟುವ ಕಿವಿಯ ಚೌಕಟ್ಟು ಪಕ್ಕೆಲುಬಿನ ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿದ್ದು, ಹಲವು ಮಿಲಿಮೀಟರ್ ದಪ್ಪ. ಕಿವಿಯದು ಬಾಗಿದರೆ ಮತ್ತೆ ನೆಟ್ಟಗಾಗುವ ಸ್ಥಿತಿಸ್ಥಾಪಕ ಮೃದ್ವಸ್ಥಿ, ಪಕ್ಕೆಲುಬಿನದು ಗಾಜಿನಂತೆ ನುಣುಪಾದ ಗಟ್ಟಿ ಜಾತಿ.

ಬೆನ್ನ ಮೇಲೆ ಮನುಷ್ಯನ ಕಿವಿ ಹೊತ್ತ ಇಲಿಯ ಚಿತ್ರವನ್ನು ನೀವು ನೋಡಿರಬಹುದು. 1997ರಲ್ಲಿ ವಕಾಂಟಿ ತಂಡ ಪ್ರಕಟಿಸಿದ ಕೆಲಸ ಅದು. ಮಗುವಿನ ಕಿವಿಯ ಆಕಾರದ, ಕರಗಿಹೋಗುವ ಪಾಲಿಮರ್ ಅಚ್ಚಿನ ಮೇಲೆ ಕರುವಿನ ಮೃದ್ವಸ್ಥಿ ಕೋಶಗಳನ್ನು ಬಿತ್ತಿ ಇಲಿಯ ಚರ್ಮದಡಿ ಇಟ್ಟಿದ್ದರು. ಹನ್ನೆರಡು ವಾರಗಳಲ್ಲಿ ಮೃದ್ವಸ್ಥಿ ಆಯಿತು. ಅದು ಸಾಧ್ಯವಾದದ್ದು ಆ ಇಲಿಗೆ ಪರಕೀಯ ಕೋಶಗಳನ್ನು ತಳ್ಳಿಹಾಕುವ ರೋಗನಿರೋಧಕ ಶಕ್ತಿ ಇರಲಿಲ್ಲವಾದ್ದರಿಂದ. ನಿರೋಧಕ ಶಕ್ತಿ ಸರಿಯಾಗಿರುವ ಪ್ರಾಣಿಗಳಲ್ಲಿ, ಪ್ರಾಣಿಯ ಸ್ವಂತ ಕೋಶಗಳನ್ನೇ ಬಳಸಿದರೂ, ಪಾಲಿಮರ್ ಕರಗುವಾಗ ಉರಿಯೂತವೆದ್ದು ಮೃದ್ವಸ್ಥಿ ಸವೆದದ್ದುಂಟು. 2018ರಲ್ಲಿ ಚೀನಾದ ತಂಡವೊಂದು ಮೈಕ್ರೋಷಿಯಾ ಇರುವ ಐದು ಮಕ್ಕಳಿಗೆ ಅವರದೇ ಕಿವಿಯ ಕೋಶಗಳನ್ನು ಬೆಳೆಸಿ ಕಿವಿ ಕಟ್ಟಿದ್ದನ್ನು ವರದಿ ಮಾಡಿತು, ಮೊದಲ ಮಗುವನ್ನು ಎರಡೂವರೆ ವರ್ಷ ಗಮನಿಸಿದ್ದರು. ಈ ಕ್ಷೇತ್ರದಲ್ಲಿ ನಾನು ಅತ್ಯಂತ ಆಸೆಯಿಂದ ನೋಡುತ್ತಿರುವ ದಾರಿ ಅದೇ. ಆದರೆ ಐದು ಮಕ್ಕಳ ಎರಡೂವರೆ ವರ್ಷವನ್ನು ನೆಚ್ಚಿಕೊಂಡು ನಿಮ್ಮ ಮಗನಿಗೆ ಅದನ್ನೇ ಮಾಡಿಸಿ ಎಂದು ಹೇಳಲು ನನಗೆ ಧೈರ್ಯವಿಲ್ಲ.

ನಿಮಗೆ ಸಮಾಧಾನ ತರುವ ವಿಷಯ ಮನುಷ್ಯರಲ್ಲೇ ಇದೆ. ಪಕ್ಕೆಲುಬಿನಿಂದ ಕಿವಿ ಕಟ್ಟುವ ಇಂದಿನ ವಿಧಾನಕ್ಕೆ ಅಡಿಪಾಯ ಹಾಕಿದವರು 1959ರಲ್ಲಿ ತಮ್ಮ ಕ್ರಮವನ್ನು ಪ್ರಕಟಿಸಿದ ಟ್ಯಾನ್ಸರ್. ಅದನ್ನು ಬೆಳೆಸಿದವರು ಬ್ರೆಂಟ್. ಬ್ರೆಂಟ್ ತಮ್ಮ ರೋಗಿಗಳನ್ನು ವರ್ಷಗಟ್ಟಲೆ ಅಳೆದು ನೋಡಿದಾಗ, ಕಟ್ಟಿದ ಕಿವಿ ಹೆಚ್ಚಿನವರಲ್ಲಿ ಇನ್ನೊಂದು ಕಿವಿಯ ಜೊತೆಜೊತೆಗೇ ಬೆಳೆದಿತ್ತು ಅಥವಾ ಕೆಲವು ಮಿಲಿಮೀಟರ್ ಮುಂದೆ ಹೋಗಿತ್ತು. ಹಿಂದೆ ಬಿದ್ದದ್ದು ಕೆಲವರಲ್ಲಿ ಮಾತ್ರ. ಅದಕ್ಕೆ ಎಕ್ಸ್‌ಪ್ಯಾಂಡರ್ ಬೇಕಾಗಲಿಲ್ಲ. ಅವರು ಕೆತ್ತುವಾಗ ಸಾಧ್ಯವಾದಷ್ಟು ಪೆರಿಕಾಂಡ್ರಿಯಮ್ ಉಳಿಸಿಕೊಳ್ಳುತ್ತಿದ್ದರು. ಇಲ್ಲೊಂದು ಇಕ್ಕಟ್ಟು ಇದೆ. ಜಪಾನಿನ ನಗಾಟಾ ಆ ಪೊರೆಯನ್ನು ಎದೆಯಲ್ಲೇ ಬಿಟ್ಟು, ಮೃದ್ವಸ್ಥಿಯನ್ನು ಮಾತ್ರ ತೆಗೆದು, ಉಳಿದ ಚೂರುಗಳನ್ನು ಆ ಗೂಡಿಗೆ ಮತ್ತೆ ತುಂಬುತ್ತಾರೆ. ಎದೆ ಗುಳಿಬೀಳದಂತೆ ಅಲ್ಲಿ ಮೃದ್ವಸ್ಥಿ ಮತ್ತೆ ತುಂಬಿಕೊಳ್ಳಲಿ ಎಂದು. ಒಂದೇ ಪೊರೆ, ಕಿವಿಗೆ ಕೊಟ್ಟರೆ ಎದೆಗಿಲ್ಲ, ಎದೆಗೆ ಬಿಟ್ಟರೆ ಕಿವಿಗಿಲ್ಲ. ನಿಮ್ಮ ಶಸ್ತ್ರವೈದ್ಯರು ಯಾವ ಕಡೆಗೆ ಒಲಿದಿದ್ದಾರೆ ಎಂದು ಕೇಳಿ ತಿಳಿದುಕೊಳ್ಳಿ.

ಹಾಗಿದ್ದರೆ ನಾಲ್ಕೂವರೆಗೆ ಯಾಕೆ ಬೇಡ? ಬೆಳೆಯುವುದಿಲ್ಲ ಎಂಬ ಭಯದಿಂದ ಅಲ್ಲ. ಕಿವಿ ಐದಾರು ವರ್ಷದ ಹೊತ್ತಿಗೆ ದೊಡ್ಡವರ ಕಿವಿಯ ಸುಮಾರು 85% ಅಳತೆಗೆ ಬಂದಿರುತ್ತದೆ. ಬೆಳೆಯಲು ಉಳಿಯುವುದೇ ಸ್ವಲ್ಪ. ಕೊರತೆ ಇರುವುದು ಎದೆಯಲ್ಲಿ. ಅಷ್ಟು ದೊಡ್ಡ ಚೌಕಟ್ಟಿಗೆ ಬೇಕಾದಷ್ಟು ಮೃದ್ವಸ್ಥಿ ನಾಲ್ಕೂವರೆ ವರ್ಷದ ಪಕ್ಕೆಲುಬುಗಳಲ್ಲಿ ಇರುವುದಿಲ್ಲ, ಇದ್ದದ್ದೂ ಮೆತ್ತಗಿರುತ್ತದೆ. ಬ್ರೆಂಟ್ ವಿಧಾನದಲ್ಲಿ ಸುಮಾರು ಆರು ವರ್ಷಕ್ಕೆ ಶುರುಮಾಡುತ್ತಾರೆ. ನಗಾಟಾ ವಿಧಾನಕ್ಕೆ ಹತ್ತು ವರ್ಷ ತುಂಬಿ, ಎದೆಯ ಕೆಳತುದಿಯ ಮಟ್ಟದಲ್ಲಿ ಸುತ್ತಳತೆ 60 ಸೆಂಟಿಮೀಟರ್ ಆಗಿರಬೇಕು. ಎಕ್ಸ್‌ಪ್ಯಾಂಡರ್ ಚರ್ಮದ ಕೊರತೆ ನೀಗಿಸುತ್ತದೆ, ಪಕ್ಕೆಲುಬಿನ ಕೊರತೆಯನ್ನಲ್ಲ.

ಎಕ್ಸ್‌ಪ್ಯಾಂಡರ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಚೀನಾ, ಕೊರಿಯಾಗಳಲ್ಲಿ ಅನುಭವಿ ಶಸ್ತ್ರವೈದ್ಯರು ಮೈಕ್ರೋಷಿಯಾಕ್ಕೆ ಅದನ್ನು ಬಳಸುತ್ತಾರೆ. ಕೂದಲಿಲ್ಲದ ಚರ್ಮ ಸಾಲದಿದ್ದಾಗ ಅದು ಒಳ್ಳೆಯ ದಾರಿ. ಅದರ ಬೆಲೆ ಏನೆಂದರೆ ಹೆಚ್ಚಿನ ಒಂದು ಶಸ್ತ್ರಕ್ರಿಯೆ, ವಾರಗಟ್ಟಲೆ ಸೂಜಿ, ಸೋಂಕು ತಗಲುವ ಮತ್ತು ಚೀಲ ಚರ್ಮ ಹರಿದು ಹೊರಬರುವ ಅಪಾಯ. ಹಾಗಾದರೆ ಉಳಿಸಿಕೊಳ್ಳಬೇಕಾಗಿದ್ದ ಚರ್ಮದ ಮೇಲೆಯೇ ಕಲೆ ಬೀಳುತ್ತದೆ, ಮುಂದಿನ ಕಸಿಗೆ ಅದೇ ದೊಡ್ಡ ತೊಡಕು. ಓಡಾಡುವ, ಬೀಳುವ, ಆ ಪಕ್ಕಕ್ಕೇ ಮಲಗುವ ನಾಲ್ಕು ವರ್ಷದ ಮಗುವಿನ ಕಿವಿಯ ಹಿಂದೆ ಸಲೈನ್ ತುಂಬಿದ ಚೀಲವನ್ನು ವಾರಗಟ್ಟಲೆ ಕಾಪಾಡುವುದು ಸುಲಭವಲ್ಲ.

ಈ ನಡುವೆ ಬಲಗಿವಿಯ ಶ್ರವಣ ಪರೀಕ್ಷೆ ಮಾಡಿಸಿರದಿದ್ದರೆ ಅದನ್ನು ಈಗಲೇ ಮಾಡಿಸಿ. ಅದಕ್ಕೆ ಕಾಯಬಾರದು. ಹೊರಕಿವಿ ಕಟ್ಟಿದರೆ ಕೇಳಿಸುವಿಕೆ ಸುಧಾರಿಸುವುದಿಲ್ಲ, ಅದು ಬೇರೆಯೇ ಚಿಕಿತ್ಸೆ. ತರಗತಿಯಲ್ಲಿ ಎಡಗಿವಿ ಶಿಕ್ಷಕರ ಕಡೆಗಿರುವಂತೆ ಕೂರಿಸಲು ಹೇಳಿ.

ಇನ್ನೊಂದು ಕೆಲಸ ನೀವೇ ಮಾಡಬಹುದು. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯೊಂದನ್ನು ಮಗನ ಎಡಗಿವಿಯ ಮೇಲೆ ಮೆತ್ತಗೆ ಒತ್ತಿಹಿಡಿದು, ಮಾರ್ಕರ್ ಪೆನ್ನಿನಿಂದ ಹೊರ ಅಂಚನ್ನು ಗುರುತು ಮಾಡಿ, ತಾರೀಖು ಬರೆಯಿರಿ. ಆರು ತಿಂಗಳಿಗೊಮ್ಮೆ ಹೀಗೆ ಮಾಡಿ, ಜೊತೆಗೆ ಎದೆಯ ಸುತ್ತಳತೆಯನ್ನೂ ಅದೇ ಹಾಳೆಯ ಮೂಲೆಯಲ್ಲಿ ಬರೆದಿಡಿ. ಶಸ್ತ್ರಕ್ರಿಯೆಯ ದಿನ ಚೌಕಟ್ಟು ಕೆತ್ತಲು ಇಂಥದ್ದೇ ಅಚ್ಚು ತೆಗೆಯುತ್ತಾರೆ. ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರೆ ಎಡಗಿವಿಯ ಬೆಳವಣಿಗೆ ಯಾವಾಗ ನಿಧಾನವಾಗುತ್ತಿದೆ ಎಂದು ನಿಮಗೇ ಕಾಣುತ್ತದೆ, ಮುಂದಿನ ಸಲ ವೈದ್ಯರನ್ನು ಕಾಣುವಾಗ ಅವನ್ನು ಜೊತೆಗೆ ಒಯ್ಯಿರಿ.